ಐದು ಗುಟುಕು ನೀರು

ಆ ಚಳಿಗಾಲ ಚಿಯಾತುರಾದಲ್ಲಿ ಕರೆಂಟಿರಲಿಲ್ಲ.
ಗಣಿಯ ತೊಟ್ಟಿಲುಗಳು ಕಣಿವೆಯ ಮೇಲೆ, ತಂತಿಯಲ್ಲಿ,
ಒಣಹಾಕಿ ಮರೆತ ಬಟ್ಟೆಗಳ ಹಾಗೆ ಇದ್ದಲ್ಲೇ ನಿಂತಿದ್ದವು.
ನಾವು ಹನ್ನೊಂದು ಜನ
ಕೋಟು ಬಿಚ್ಚದೆ ರಸಾಯನಶಾಸ್ತ್ರಕ್ಕೆ ಕೂತಿದ್ದೆವು.

ಮೈಲುತುತ್ತ ತನ್ನಿ, ಅಂದರು ಲಾಮ್ಜೀರಾ ಟೀಚರು.
ಅದೇನು, ಎಲ್ಲರ ಅಟ್ಟದಲ್ಲೂ ಇತ್ತು,
ಅಜ್ಜಂದಿರು ದ್ರಾಕ್ಷಿಬಳ್ಳಿಗೆ ಹೊಡೆದು ಮಿಕ್ಕ ನೀಲಿ.
ನೀರನ್ನೂ ತನ್ನಿ. ನಿಮ್ಮ ನಿಮ್ಮ ಮನೆಯದು.
ನನ್ನ ಬಾವಿನೀರಲ್ಲಿ ಸುಣ್ಣ ಇತ್ತು, ಕೂಡಲೇ ಹಸಿರು ಮಬ್ಬು.
ಹಿಮ ಕರಗಿಸಿ ತಂದವಳ ಲೋಟ
ಆಕಾಶದ ಹಾಗೆ ತಿಳಿ. ನನಗೆ ಹೊಟ್ಟೆಯುರಿಯಿತು.

"ನೀರು ಬಲು ಒಳ್ಳೆಯ ಮನೆಯೊಡತಿ,
ಬಂದವರನ್ನು ಸುಲಭಕ್ಕೆ ಕಳಿಸಿಕೊಡುವುದಿಲ್ಲ.
ಅವಳೇ ಆವಿಯಾಗಿ ಎದ್ದು ಹೋಗುವತನಕ ಕಾಯಬೇಕು.
ಈ ಥಂಡಿಯಲ್ಲಿ ಅಂದರೆ, ಮೇ ತಿಂಗಳು."

ಮೇ ತಿಂಗಳಿಗೆ ಯಾರು ಇರುತ್ತೇವೋ, ಯಾರಿಗೂ ಗೊತ್ತಿರಲಿಲ್ಲ.
ಬೋಂದೋ ತನ್ನಜ್ಜನ ಚಾಚಾ ತಂದ,
ದ್ರಾಕ್ಷಿಯ ಚರಟದಿಂದ ಇಳಿಸಿದ್ದು,
ಮೂಗಿಗೆ ಹಿಡಿದರೆ ಕಣ್ಣಲ್ಲಿ ನೀರು.
ಆ ಸಾರಾಯಿಗೆ ಉಪ್ಪಿನ ಗೊಡವೆ ಬೇಡ, ನೀರಿನ ಮೇಲಷ್ಟೇ ಆಸೆ.
ಒಂದೇ ಸಲ ಸುರಿದುಬಿಟ್ಟ.
ಲೋಟದ ತುಂಬ ನೀಲಿ ಹಿಟ್ಟು ಉದುರಿತು.
ಹರಳಲ್ಲ, ಬರೀ ಪುಡಿ.
"ಮನೆಯೊಡತಿಯ ಕೈಹಿಡಿದು ಎಳೆದರೆ
ನೆಂಟರು ಹೀಗೇ ಬೀದಿಗೆ ಬೀಳುತ್ತಾರೆ,
ಚಪ್ಪಲಿ ಹುಡುಕಲೂ ಪುರುಸೊತ್ತಿಲ್ಲದೆ."

ಅವನಿಗೆ ಅಷ್ಟಕ್ಕೆ ಸಾಲಲಿಲ್ಲ.
ಕಪಾಟಿನ ಪರ್ಮಾಂಗನೇಟಿಗೂ ಎರೆದ.
ನೇರಳೆ ಸತ್ತು ಕಂದಾಯಿತು, ಕಂದು ಕೆಸರಾಯಿತು,
ಗಾಜು ಬೆಚ್ಚಗಾಯಿತು.
ಟೀಚರು ಲೋಟ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು.
ಕೆಳಗೆ ಕ್ವಿರಿಲಾ ಹೊಳೆ, ಗಣಿ ತೊಳೆದ ಅದೇ ಬಣ್ಣ.
ನಮ್ಮಪ್ಪಂದಿರು ಅಗೆದ ಅದಿರು
ಲೋಟದ ತಳದಲ್ಲಿ ಕೂತಿತ್ತು.
"ಇಲ್ಲಿ ಕರಗಿಸುವ ಮಾತೇ ಇಲ್ಲ," ಅಂದರು, "ಇದು ಸುಡುವುದು."
ಯಾರೂ ನಗಲಿಲ್ಲ.

ಆಮೇಲೆ ಅವರೇ ಮಾಡಿದರು.
ಉದ್ದ ಕೊಳವೆಯಲ್ಲಿ ನೀಲಿ. ಅದರ ಮೇಲೆ ಚಮಚದ ಬೆನ್ನಿಂದ
ಹನಿ, ಹನಿ, ಒಂದು ಪೂರ್ತಿ ಪೀರಿಯಡ್ಡು.
ಮೇಲೆ ಚಾಚಾ, ಕೆಳಗೆ ನೀರು,
ನಡುವೆ ಕೂದಲೆಳೆಯಷ್ಟು ಗಡಿ.
ಒಬ್ಬರಿಗೊಬ್ಬರು ಗೊತ್ತಾಗಲು ಬಿಡಿ, ಮುಟ್ಟಬೇಡಿ.

ಒಂಬತ್ತನೇ ದಿನ ಗಡಿಯಲ್ಲೊಂದು ಮುಳ್ಳು.
ಅದು ಬಿತ್ತು. ತಳದಲ್ಲಿ ಬೆಳೆಯಿತು.
ಇಪ್ಪತ್ತನೇ ದಿನಕ್ಕೆ ಉಗುರಿನಷ್ಟು,
ಅಂಚು ಕತ್ತರಿಸಿದ ಹಾಗೆ.

ಇಪ್ಪತ್ತೊಂದನೇ ರಾತ್ರಿ ಕಾವಲಿನ ಶೆರ್ಮಾದಿನ್
ಮೇಲಿನ ಪದರ ಕುಡಿದ.
ಥಂಡಿ ಅಷ್ಟಿತ್ತು.
ಬೆಳಗ್ಗೆ ಹಿಮದ ಮೇಲೆ ನೀಲಿ ಕಾರಿಕೊಂಡು
ಗೋಡೆಗೊರಗಿ ಕೂತಿದ್ದ. ಬದುಕಿದ.
ಟೀಚರು ಬೈಯಲಿಲ್ಲ, ಹಾಲು ಕುಡಿಸಿದರು,
ಮೂರು ದಿನ ಅವನ ಗಂಟೆಯನ್ನೂ ತಾವೇ ಹೊಡೆದರು.

ಉಳಿದ ನೀರು ಮತ್ತೆ ಮನೆಯೊಡತಿಯಾಯಿತು,
ಕಳೆದುಕೊಂಡವರನ್ನು ವಾಪಸು ಕರೆಯತೊಡಗಿತು.
ನಾವು ನೋಡುವಷ್ಟರಲ್ಲಿ ಹರಳಿನ ಅಂಚುಗಳು ಸವೆದು
ಚಪ್ಪರಿಸಿದ ಪೆಪ್ಪರಮಿಂಟಿನಂತಾಗಿದ್ದವು.
ಒರೆಸಿ ನನ್ನ ಅಂಗೈಗಿಟ್ಟರು. ಯಾಕೆ ನನಗೆ, ಕೇಳಲಿಲ್ಲ.

ಈಗ ಕುತಾಯಿಸಿಯ ಔಷಧದಂಗಡಿಯಲ್ಲಿ
ಬಿರಡೆ ಹಾಕಿದ ಸೀಸೆಯೊಳಗೆ ಇದೆ.
ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ.
ಈ ಉಪ್ಪು ಐದು ಗುಟುಕು ಕುಡಿದೇ ಹುಟ್ಟಿದ್ದು,
ಕಣಕಣಕ್ಕೂ ಐದು. ಆ ನೀರೇ ಅದರ ನೀಲಿ.
ಯಾರ ಮನೆಯ ನೀರು, ಈಗ ಹೇಳಲಾಗದು.

ನಿನ್ನೆ ತೆಗೆದು ನೋಡಿ, ಹೀಟರಿನ ಪಕ್ಕ ಮರೆತೆ.
ಒಂದು ಮೂಲೆ ಬಿಳಿಚಿಕೊಂಡಿತ್ತು.
ಹತ್ತಿರ ಹಿಡಿದು ಉಸಿರು ಊದಿದೆ,
ಕನ್ನಡಕ ಒರೆಸುವವರ ಹಾಗೆ, ಎರಡು ಸಲ, ಮೂರು ಸಲ.
ಬಣ್ಣ ಸ್ವಲ್ಪ ಬಂತು.